ಒಂದೇ ಸಂಚಿಕೆಯಲ್ಲಿ ಮುಗಿಯುವ ಕಥೆಗಳು: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಸೂಪರ್‌ಹೀರೋ ಕಾಮಿಕ್ಸ್‌ನ ದೀರ್ಘ ಕಥಾಸರಣಿಗಳನ್ನು ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ಯಾವ ಸಂಚಿಕೆಯನ್ನು ಕೈಗೆತ್ತಿಕೊಂಡರೂ ಅದು ಹಿಂದಿನ ಹತ್ತು ಸಂಚಿಕೆಗಳ ಮುಂದುವರಿಕೆಯಾಗಿರುತ್ತದೆ, ಕೊನೆಯ ಪುಟಕ್ಕೆ ಬಂದರೆ ಮುಂದಿನ ತಿಂಗಳವರೆಗೆ ಕಾಯಿರಿ ಎನ್ನುತ್ತದೆ ಎಂಬುದು ನಿಮ್ಮ ದೂರು. ಒಂದೇ ಸಂಚಿಕೆಯಲ್ಲಿ ಹುಟ್ಟಿ ಅಲ್ಲಿಯೇ ಮುಗಿಯುವ ಒಳ್ಳೆಯ ಕಥೆಗಳಿದ್ದರೆ ತಿಳಿಸಿ ಎಂದು ಕೇಳಿದ್ದೀರಿ. ಕೇಳುತ್ತಲೇ ಒಂದು ಅನುಮಾನವನ್ನೂ ಮುಂದಿಟ್ಟಿದ್ದೀರಿ: ಅಂಥ ಕಥೆಯಲ್ಲಿ ನಾಯಕನಿಗೆ ಏನೂ ಆಗುವಂತಿಲ್ಲ, ಮುಂದಿನ ತಿಂಗಳು ಅವನು ಮೊದಲಿನಂತೆಯೇ ಹಾಜರಾಗಬೇಕು, ಹಾಗಿದ್ದ ಮೇಲೆ ಅದು ಹೊತ್ತು ಕಳೆಯುವ ಓದಲ್ಲದೆ ಮತ್ತೇನು? ಕಥೆಯ ಕೊನೆ ಮೊದಲೇ ತಿಳಿದರೆ ಅಡ್ಡಿಯಿಲ್ಲವೆಂದೂ, ಹತ್ತು ವರ್ಷದ ಮಗಳ ಕೈಗೆ ಮೊದಲು ಯಾವುದನ್ನು ಕೊಡಲಿ ಎಂದೂ ಬರೆದಿದ್ದೀರಿ.

ನಿಮ್ಮ ಅನುಮಾನದಿಂದಲೇ ಆರಂಭಿಸುತ್ತೇನೆ. ನಾಯಕ ಬದಲಾಗುವಂತಿಲ್ಲ ಎಂಬ ಮಾತು ನಿಜ. ಆದರೆ ಈ ಬಗೆಯ ಕಥೆಗೆ ಬಲ ಬರುವುದು ಅಲ್ಲಿಂದಲೇ ಎಂದು ನಾನು ನಂಬಿದ್ದೇನೆ. ನಾಯಕನ ಬದುಕು ಅಲುಗಾಡುವಂತಿಲ್ಲವಾದ್ದರಿಂದ ಬರಹಗಾರನು ಕಥೆಯ ಭಾರವನ್ನು ಬೇರೆ ಯಾರದಾದರೂ ಹೆಗಲಿಗೆ ಹೊರಿಸಲೇಬೇಕಾಗುತ್ತದೆ. ಆಗ ಸಾಮಾನ್ಯವಾಗಿ ಚಿತ್ರದ ಮೂಲೆಯಲ್ಲಿ ನಿಂತಿರುವ ವ್ಯಕ್ತಿ, ಹೆಸರಿಲ್ಲದವನು, ಮುಂದಿನ ತಿಂಗಳು ಯಾರ ನೆನಪಿಗೂ ಬಾರದವನು ಮುಂದೆ ಬಂದು ನಿಲ್ಲುತ್ತಾನೆ. ಅವನು ಸೋಲಬಹುದು, ಸಾಯಬಹುದು, ಪೂರ್ತಿಯಾಗಿ ಬದಲಾಗಬಹುದು. ಅವನ ಇಡೀ ಆಯುಷ್ಯ ಆ ಕೆಲವೇ ಪುಟಗಳು.

ನಾನು ಹೆಚ್ಚು ಸಲ ಮರಳಿ ಓದಿರುವ ಇಂಥ ಕಥೆ 1984ರ ಜನವರಿಯ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 248ನೆಯ ಸಂಚಿಕೆಯಲ್ಲಿದೆ. ರೋಜರ್ ಸ್ಟರ್ನ್ ಬರೆದು ರಾನ್ ಫ್ರೆನ್ಜ್ ಚಿತ್ರಿಸಿದ, ಸ್ಪೈಡರ್‌ಮ್ಯಾನ್‌ಗೆ ಸಂಬಂಧಿಸಿದ್ದನ್ನೆಲ್ಲ ಸಂಗ್ರಹಿಸುವ ಹುಡುಗನೊಬ್ಬನ ಕಥೆ ಇದು. ಕಟ್ಟುನಿಟ್ಟಾಗಿ ನೋಡಿದರೆ ಇದಕ್ಕೆ ಪೂರ್ತಿ ಸಂಚಿಕೆಯೂ ಸಿಕ್ಕಿಲ್ಲ. ಮೊದಲ ಭಾಗದಲ್ಲಿ ಎಂದಿನ ಹೊಡೆದಾಟದ ಕಥೆಯಿದೆ, ಅದರ ಹಿಂದೆ ಹನ್ನೊಂದು ಪುಟಗಳಲ್ಲಿ ಇದು ಬರುತ್ತದೆ. ಟಿಮ್ ಹ್ಯಾರಿಸನ್ ಎಂಬ ಪುಟ್ಟ ಹುಡುಗನ ಕೋಣೆಗೆ ರಾತ್ರಿ ಕಿಟಕಿಯ ಮೂಲಕ ಸ್ಪೈಡರ್‌ಮ್ಯಾನ್ ಬರುತ್ತಾನೆ. ಹುಡುಗನು ತಾನು ಕೂಡಿಟ್ಟ ಪತ್ರಿಕಾ ತುಣುಕುಗಳನ್ನು ತೋರಿಸುತ್ತಾನೆ, ಇಬ್ಬರೂ ಮಾತನಾಡುತ್ತ ಕೂರುತ್ತಾರೆ. ಇಡೀ ಕಥೆಯಲ್ಲಿ ಹೊಡೆದಾಟವಿಲ್ಲ, ಖಳನಿಲ್ಲ. ನಡುನಡುವೆ ಒಂದು ದಿನಪತ್ರಿಕೆಯ ಅಂಕಣದ ಸಾಲುಗಳು ಬರುತ್ತವೆ; ಆ ಅಂಕಣಕಾರ ಈ ಹುಡುಗನ ಅಭಿಮಾನದ ಬಗ್ಗೆ ಬರೆದಿದ್ದನ್ನು ಓದಿಯೇ ನಾಯಕ ಇಲ್ಲಿಗೆ ಬಂದಿರುವುದು. ಹೊರಡುವ ಮೊದಲು ಹುಡುಗ ಒಂದು ಪ್ರಶ್ನೆ ಕೇಳುತ್ತಾನೆ: ನೀನು ನಿಜವಾಗಿ ಯಾರು? ಯಾರಿಗೂ ಹೇಳದ ಗುಟ್ಟನ್ನು, ಪ್ರಾಣ ಹೋದರೂ ಬಿಟ್ಟುಕೊಡದ ಗುಟ್ಟನ್ನು ಅವನು ಈ ಹುಡುಗನೆದುರು ಮುಖವಾಡ ತೆಗೆದು ಹೇಳಿಬಿಡುತ್ತಾನೆ.

ಏಕೆ ಹೇಳಿದನೆಂಬುದು ಕೊನೆಯಲ್ಲಿ ತಿಳಿಯುತ್ತದೆ. ಸ್ಪೈಡರ್‌ಮ್ಯಾನ್ ಹೊರಬಂದ ಕಟ್ಟಡ ಅದುವರೆಗೆ ನಾವು ಅಂದುಕೊಂಡಂತೆ ಮನೆಯಲ್ಲ, ಅದು ಕ್ಯಾನ್ಸರ್ ಚಿಕಿತ್ಸಾಲಯ. ಅಂಕಣದ ಉಳಿದ ಸಾಲುಗಳು ಹುಡುಗನಿಗೆ ರಕ್ತದ ಕ್ಯಾನ್ಸರ್ ಇದೆಯೆಂದೂ ಉಳಿದಿರುವುದು ಕೆಲವೇ ವಾರಗಳೆಂದೂ ತಿಳಿಸುತ್ತವೆ. ಇದು ಓದುಗರನ್ನು ಬೆಚ್ಚಿಬೀಳಿಸುವ ತಂತ್ರ ಮಾತ್ರವಾಗಿದ್ದರೆ ಎರಡನೆಯ ಓದಿಗೆ ಸಪ್ಪೆಯಾಗಬೇಕಿತ್ತು. ನನ್ನ ಅನುಭವ ಅದಕ್ಕೆ ತದ್ವಿರುದ್ಧ. ಕೊನೆ ಗೊತ್ತಿದ್ದು ಓದಿದಾಗ, ಹುಡುಗ ಉತ್ಸಾಹದಿಂದ ಹೇಳುವ ಪ್ರತಿಯೊಂದು ಮಾತಿಗೂ ನಾಯಕ ಎಷ್ಟು ಎಚ್ಚರದಿಂದ, ಎಷ್ಟು ನಿಧಾನವಾಗಿ ಉತ್ತರಿಸುತ್ತಿದ್ದಾನೆಂಬುದು ಕಾಣತೊಡಗುತ್ತದೆ; ಅವನಿಗೆ ಮೊದಲ ಪುಟದಿಂದಲೂ ವಿಷಯ ತಿಳಿದಿತ್ತು, ತಿಳಿಯದೆ ಇದ್ದದ್ದು ನಮಗೆ ಮಾತ್ರ. ಮುಂದಿನ ತಿಂಗಳು ಸ್ಪೈಡರ್‌ಮ್ಯಾನ್ ಯಾವ ಬದಲಾವಣೆಯೂ ಇಲ್ಲದೆ ಮರಳಿ ಬಂದ. ನಿಮ್ಮ ಅಳತೆಗೋಲಿನ ಪ್ರಕಾರ ಈ ಕಥೆಯಲ್ಲಿ ಏನೂ ನಡೆದಿಲ್ಲ. ಆದರೆ ಟಿಮ್‌ಗೆ ನಡೆಯಬಹುದಾಗಿದ್ದ ಅತಿ ದೊಡ್ಡ ಸಂಗತಿ ನಡೆದುಹೋಗಿದೆ.

ಈ ದಾರಿಯನ್ನು ಮೊದಲು ಸವೆಸಿದವರಲ್ಲಿ ವಿಲ್ ಐಸ್ನರ್ ಮುಖ್ಯರು. ಅವರ ‘ದಿ ಸ್ಪಿರಿಟ್’ 1940ರಿಂದ 1952ರವರೆಗೆ ಅಮೆರಿಕದ ಭಾನುವಾರದ ಪತ್ರಿಕೆಗಳ ಪುರವಣಿಯಾಗಿ ಬರುತ್ತಿತ್ತು; ಬಹುತೇಕ ಪ್ರತಿ ವಾರವೂ ಏಳು ಪುಟಗಳಲ್ಲಿ ಒಂದು ಪೂರ್ಣ ಕಥೆ. ಮುಖವಾಡ ತೊಟ್ಟ ಪತ್ತೇದಾರನಷ್ಟೇ ಆದ ಸ್ಪಿರಿಟ್‌ನನ್ನು ಸೂಪರ್‌ಹೀರೋ ಎನ್ನಬಹುದೇ ಎಂಬ ಚರ್ಚೆ ಇದೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ. 1948ರ ಸೆಪ್ಟೆಂಬರ್ 5ರಂದು ಪ್ರಕಟವಾದ ಗೆರ್ಹಾರ್ಡ್ ಶ್ನೋಬಲ್‌ನ ಕಥೆಯಲ್ಲಂತೂ ಅತಿಮಾನುಷ ಶಕ್ತಿ ಇರುವುದು ನಾಯಕನಿಗಲ್ಲ, ಒಬ್ಬ ಬಡ ಕಾವಲುಗಾರನಿಗೆ. ತನಗೆ ಹಾರಲು ಬರುತ್ತದೆಂದು ಅವನಿಗೆ ಬಾಲ್ಯದಲ್ಲೇ ತಿಳಿದಿರುತ್ತದೆ, ಹೆತ್ತವರು ಗದರಿಸಿದ ಮೇಲೆ ಅದನ್ನು ಅದುಮಿಟ್ಟು ಬದುಕಿಬಿಟ್ಟಿರುತ್ತಾನೆ. ಕೆಲಸ ಕಳೆದುಕೊಂಡ ದಿನ, ಇನ್ನಾದರೂ ಲೋಕಕ್ಕೆ ತೋರಿಸೋಣವೆಂದು ಎತ್ತರದ ಕಟ್ಟಡದ ಮೇಲಿಂದ ಗಾಳಿಗೆ ಇಳಿಯುತ್ತಾನೆ, ಹಾರುತ್ತಾನೆ. ಅದೇ ಚಾವಣಿಯ ಮೇಲೆ ಸ್ಪಿರಿಟ್ ಮತ್ತು ಕಳ್ಳರ ನಡುವೆ ಗುಂಡಿನ ಕಾಳಗ ನಡೆಯುತ್ತಿರುತ್ತದೆ. ಗುರಿತಪ್ಪಿದ ಒಂದು ಗುಂಡು ಅವನಿಗೆ ತಗಲುತ್ತದೆ. ಕೆಳಗೆ ಸೇರಿದ ಜನಕ್ಕೆ ಕಾಣುವುದು ಒಂದು ಹೆಣ ಮಾತ್ರ. ಅವನು ಹಾರಿದ್ದನೆಂಬುದು ಅವರಲ್ಲಿ ಒಬ್ಬರಿಗೂ ತಿಳಿಯುವುದಿಲ್ಲ. ನಾಯಕನಿಗೂ ತಿಳಿಯುವುದಿಲ್ಲ. ಪತ್ರಿಕೆ ಹಿಡಿದು ಕುಳಿತ ಓದುಗ ಒಬ್ಬನೇ ಸಾಕ್ಷಿ. ಏಳು ಪುಟಗಳಲ್ಲಿ ಇದಕ್ಕಿಂತ ಹೆಚ್ಚಿನದನ್ನು ಮಾಡಿದ ಚಿತ್ರಕಥೆಯನ್ನು ನಾನು ಓದಿಲ್ಲ.

ಬಿಡಿ ಕಥೆಗಳು ಅಪರೂಪವಾಗಿ ಕಾಣಲು ಕಾರಣವೇನೆಂದು ನೀವು ಕೇಳಿಲ್ಲ, ಆದರೂ ಎರಡು ಮಾತು ಹೇಳಬೇಕು. ಒಂದು ಕಾಲದಲ್ಲಿ ಅವೇ ರೂಢಿಯಾಗಿದ್ದವು. 1938ರಲ್ಲಿ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಬಂದ ಸೂಪರ್‌ಮ್ಯಾನ್ ಕಥೆಗೆ ಸಿಕ್ಕಿದ್ದೇ ಹದಿಮೂರು ಪುಟ. 1960ರ ದಶಕದಲ್ಲಿ ಮಾರ್ವೆಲ್ ಪ್ರಕಾಶನವು ಕಥೆಯನ್ನು ತಿಂಗಳಿಂದ ತಿಂಗಳಿಗೆ ಎಳೆದುಕೊಂಡು ಹೋಗುವ ಪದ್ಧತಿಯನ್ನು ಬಲಪಡಿಸಿತು. ಆಮೇಲೆ ಐದಾರು ಸಂಚಿಕೆಗಳನ್ನು ಒಟ್ಟುಗೂಡಿಸಿ ಪುಸ್ತಕವಾಗಿ ಮಾರುವ ರೂಢಿ ಬಂದಾಗ ಬರಹಗಾರರು ಕಥೆಯನ್ನು ಆ ಪುಸ್ತಕದ ಅಳತೆಗೇ ಕತ್ತರಿಸತೊಡಗಿದರು. ನಡುವೆ ಬಿಡಿ ಕಥೆಗಳನ್ನು ಉಳಿಸಿದ್ದು ಸ್ವಲ್ಪಮಟ್ಟಿಗೆ ಗಡುವಿನ ಭಯ: ಚಿತ್ರಕಾರನ ಕೆಲಸ ತಡವಾದರೆ ಹಾಕಲೆಂದು ಸಂಪಾದಕರು ಮುಖ್ಯ ಕಥೆಗೆ ಎಲ್ಲಿಯೂ ತಗಲದ ಒಂದೆರಡು ಕಥೆಗಳನ್ನು ಸಿದ್ಧವಾಗಿ ಇಟ್ಟಿರುತ್ತಿದ್ದರು. ಅವುಗಳಲ್ಲಿ ಹೆಚ್ಚಿನವು ನೀವು ಹೇಳುವಂತೆ ಹೊತ್ತು ಕಳೆಯುವ ಓದೇ ಸರಿ.

ಆದರೆ ಧಾರಾವಾಹಿಯ ಆ ಉಚ್ಛ್ರಾಯ ಕಾಲದಲ್ಲೇ, 1966ರ ಜೂನ್‌ನಲ್ಲಿ, ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ ‘ಫೆಂಟಾಸ್ಟಿಕ್ ಫೋರ್’ 51ನೆಯ ಸಂಚಿಕೆಯನ್ನು ತಂದರು. ಅದಕ್ಕೆ ಹಿಂದಿನ ಸಂಚಿಕೆಗಳಲ್ಲಿ ಲೋಕಗಳನ್ನೇ ನುಂಗುವ ಗ್ಯಾಲಕ್ಟಸ್ ಬಂದು ಹೋಗಿದ್ದ. ಅಷ್ಟು ದೊಡ್ಡ ಕಥೆಯ ಬೆನ್ನಿಗೆ ಇಲ್ಲಿ ಮೊದಲ ಪುಟ ತೆರೆದರೆ, ಫೆಂಟಾಸ್ಟಿಕ್ ಫೋರ್ ತಂಡದ ಕಲ್ಲಿನ ಮೈಯ ಬೆನ್ ಗ್ರಿಮ್ ಮಳೆಯಲ್ಲಿ ಒಬ್ಬನೇ ನಿಂತಿದ್ದಾನೆ. ಒಬ್ಬ ವಿಜ್ಞಾನಿ ಅವನ ರೂಪವನ್ನು ಕದ್ದು, ತಂಡದ ಮುಖ್ಯಸ್ಥ ರೀಡ್ ರಿಚರ್ಡ್ಸ್‌ನನ್ನು ಮುಗಿಸಲು ಅವನ ಮನೆ ಸೇರುತ್ತಾನೆ. ರೀಡ್ ಒಂದು ಅಪಾಯಕಾರಿ ಪ್ರಯೋಗಕ್ಕಾಗಿ ಹಗ್ಗ ಕಟ್ಟಿಕೊಂಡು ಬೇರೊಂದು ಲೋಕದೊಳಕ್ಕೆ ಇಳಿಯುವಾಗ, ಆ ಹಗ್ಗದ ತುದಿಯನ್ನು ಹಿಡಿದವನು ಈ ಮೋಸಗಾರನೇ. ಸುಮ್ಮನಿದ್ದರೆ ಸಾಕಿತ್ತು, ಅವನ ಕೆಲಸ ಆಗಿಬಿಡುತ್ತಿತ್ತು. ಆದರೆ ಅಸೂಯೆಯಿಂದ ತಾನು ದ್ವೇಷಿಸುತ್ತ ಬಂದ ಮನುಷ್ಯ ನಿಜಕ್ಕೂ ದೊಡ್ಡವನೆಂಬುದು ಅವನಿಗೆ ಆ ಹೊತ್ತಿನಲ್ಲಿ ಅರಿವಾಗುತ್ತದೆ. ಒಳಕ್ಕೆ ಧಾವಿಸಿ ರೀಡ್‌ನನ್ನು ಹೊರಕ್ಕೆ ಎಸೆದು ತಾನು ಅಲ್ಲೇ ಉಳಿದುಬಿಡುತ್ತಾನೆ. ಇತ್ತ ಮನುಷ್ಯರೂಪ ಮರಳಿ ಪಡೆದಿದ್ದ ಬೆನ್, ಪ್ರೀತಿಸುವ ಅಲಿಶಿಯಾಳ ಬಾಗಿಲಿಗೆ ಬಂದು ನಿಂತ ಕ್ಷಣದಲ್ಲೇ ಮತ್ತೆ ಕಲ್ಲಾಗುತ್ತಾನೆ. ವಿಜ್ಞಾನಿಯ ಹೆಸರು ಏನೆಂದು ಆ ಕಥೆ ಕೊನೆಗೂ ಹೇಳುವುದಿಲ್ಲ. ಹೇಳದಿರುವುದೇ ಸರಿ ಎಂದು ನನಗೆ ಅನಿಸುತ್ತದೆ.

ಬ್ಯಾಟ್‌ಮ್ಯಾನ್ ಕಥೆಗಳಲ್ಲಿ ನಾನು ಸೂಚಿಸುವುದು 1976ರ ‘ಡಿಟೆಕ್ಟಿವ್ ಕಾಮಿಕ್ಸ್’ 457. ಡೆನಿ ಓನೀಲ್ ಬರವಣಿಗೆ, ಡಿಕ್ ಜಿಯೊರ್ಡಾನೊ ಚಿತ್ರ. ತಂದೆತಾಯಿ ಕೊಲೆಯಾದ ಓಣಿಗೆ ಬ್ಯಾಟ್‌ಮ್ಯಾನ್ ಪ್ರತಿ ವರ್ಷ ಅದೇ ರಾತ್ರಿ ಹೋಗುತ್ತಾನೆ. ಅಂದು ಅನಾಥನಾದ ಮಗುವನ್ನು ಸಂತೈಸಿದ ಲೆಸ್ಲಿ ಥಾಂಪ್ಕಿನ್ಸ್ ಎಂಬ ಮುದುಕಿಯನ್ನು ಕಂಡುಬರುವುದು ಅವನ ಉದ್ದೇಶ. ಎದುರಿಗಿರುವವನೇ ಆ ಮಗು ಎಂಬುದು ಅವಳಿಗೆ ಗೊತ್ತಿಲ್ಲ. ಮುಷ್ಟಿಯನ್ನೇ ನಂಬಿದವನು ಹಿಂಸೆಯನ್ನು ದ್ವೇಷಿಸುವವಳ ಮುಂದೆ ತಲೆತಗ್ಗಿಸಿ ನಿಲ್ಲುವ ಚಿತ್ರ ಮನಸ್ಸಿನಲ್ಲಿ ಉಳಿಯುತ್ತದೆ.

ಕರ್ಟ್ ಬ್ಯೂಸಿಕ್ ಬರೆದು ಬ್ರೆಂಟ್ ಆಂಡರ್ಸನ್ ಚಿತ್ರಿಸಿದ ‘ಆಸ್ಟ್ರೋ ಸಿಟಿ’ ಮಾಲೆಯಲ್ಲಿ 1996ರಲ್ಲಿ ಬಂದ, ಅರ್ಧ ಎಂದು ಸಂಖ್ಯೆ ಕೊಟ್ಟ ಪುಟ್ಟ ಸಂಚಿಕೆ ನನ್ನ ವಾದಕ್ಕೆ ಅತ್ಯಂತ ಹತ್ತಿರದ್ದು. ಮೈಕೆಲ್ ಎಂಬ ಸಾಮಾನ್ಯ ಮನುಷ್ಯನಿಗೆ ರಾತ್ರಿಯೆಲ್ಲ ಒಬ್ಬ ಹೆಂಗಸಿನ ಕನಸು. ಅವಳು ನಗುವ ರೀತಿ ಗೊತ್ತು, ಹೆಸರು ಗೊತ್ತು, ಆದರೆ ಅಂಥವಳನ್ನು ಅವನು ಬದುಕಿನಲ್ಲಿ ಎಂದೂ ಕಂಡಿಲ್ಲ. ಒಂದು ರಾತ್ರಿ ಹ್ಯಾಂಗ್ಡ್ ಮ್ಯಾನ್ ಎಂಬ ಅತಿಮಾನುಷ ಬಂದು ಕಾರಣ ತಿಳಿಸುತ್ತಾನೆ. ವೀರರೆಲ್ಲ ಸೇರಿ ಕಾಲವನ್ನು ಕೆಡಿಸಿದ ಖಳನೊಬ್ಬನನ್ನು ಸೋಲಿಸಿ ಲೋಕವನ್ನು ಮರಳಿ ಜೋಡಿಸಿದರು, ಆದರೆ ಜೋಡಣೆಯಲ್ಲಿ ಎಲ್ಲವೂ ಮೊದಲಿನಂತಾಗಲಿಲ್ಲ; ಅವನ ಹೆಂಡತಿಯಾಗಿದ್ದವಳು ಈ ಹೊಸ ಲೋಕದಲ್ಲಿ ಹುಟ್ಟಲೇ ಇಲ್ಲ. ಬೇರೆ ಕಾಮಿಕ್ಸ್‌ಗಳು ಹತ್ತಾರು ಸಂಚಿಕೆಗಳಲ್ಲಿ ಹಾಡಿಹೊಗಳುವ ಮಹಾಯುದ್ಧವನ್ನು ಈ ಕಥೆ ಒಂದೆರಡು ಪುಟಗಳಲ್ಲಿ ಮುಗಿಸಿ, ಆ ಯುದ್ಧ ಒಬ್ಬ ಮನುಷ್ಯನಿಂದ ಕಿತ್ತುಕೊಂಡದ್ದನ್ನು ನಮ್ಮ ಮುಂದಿಡುತ್ತದೆ. ನೆನಪನ್ನು ಅಳಿಸಿಬಿಡಲೇ ಎಂದು ಹ್ಯಾಂಗ್ಡ್ ಮ್ಯಾನ್ ಕೇಳಿದಾಗ ಮೈಕೆಲ್ ಬೇಡವೆನ್ನುತ್ತಾನೆ. ತನ್ನಂತೆ ಕಳೆದುಕೊಂಡ ಇತರರು ಏನನ್ನು ಆರಿಸಿಕೊಂಡರೆಂದು ವಿಚಾರಿಸುತ್ತಾನೆ. ಮರೆವನ್ನು ಕೇಳಿದವರು ಒಬ್ಬರೂ ಇಲ್ಲ ಎಂಬ ಉತ್ತರ ಬರುತ್ತದೆ. ಮತ್ತೆ ಮಲಗಲು ಹೋಗುವ ಅವನನ್ನು ನೋಡಿ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತದ್ದುಂಟು.

ನನ್ನ ಮಾತಿಗೆ ಅಪವಾದಗಳಿಲ್ಲವೆಂದಲ್ಲ. 1985ರ ‘ಸೂಪರ್‌ಮ್ಯಾನ್’ 11ನೆಯ ವಾರ್ಷಿಕ ಸಂಚಿಕೆಯಲ್ಲಿ ಅಲನ್ ಮೂರ್ ಮತ್ತು ಡೇವ್ ಗಿಬನ್ಸ್ ನಾಯಕನ ಎದೆಯನ್ನೇ ಬಗೆದು ನೋಡಿದ್ದಾರೆ. ಮೈಗೆ ಅಂಟಿಕೊಂಡು, ಮನಸ್ಸು ಬಯಸಿದ ಬದುಕನ್ನೇ ಕನಸಾಗಿ ಕೊಡುವ ಸಸ್ಯವೊಂದರ ಹಿಡಿತದಲ್ಲಿ ಸೂಪರ್‌ಮ್ಯಾನ್ ನಾಶವಾಗದ ತನ್ನ ಹುಟ್ಟುಗ್ರಹ ಕ್ರಿಪ್ಟಾನ್‌ನಲ್ಲಿ ಹೆಂಡತಿ ಮಕ್ಕಳೊಂದಿಗೆ ಬದುಕುತ್ತಾನೆ. ಹೊರಬರಬೇಕಾದರೆ, ತನ್ನ ಪುಟ್ಟ ಮಗನಿಗೆ ನೀನು ನಿಜವಲ್ಲವೆಂದು ಹೇಳಿ ಬೀಳ್ಕೊಡಬೇಕು. ಇಲ್ಲಿ ಬದಲಾಗುವವನು ನಾಯಕನೇ, ಆದರೂ ಲೋಕದ ಕಣ್ಣಿಗೆ ಏನೂ ಆಗಿಲ್ಲ. 2001ರ ‘ಆಕ್ಷನ್ ಕಾಮಿಕ್ಸ್’ 775 ಅನ್ನು ಬಹಳ ಜನ ಮೆಚ್ಚುತ್ತಾರೆ. ಖಳರನ್ನು ಕೊಂದುಬಿಡುವುದೇ ಸರಿಯೆನ್ನುವ ಹೊಸ ತಂಡಕ್ಕೆ ಸೂಪರ್‌ಮ್ಯಾನ್ ಕೊಡುವ ಉತ್ತರ ಅದರ ವಸ್ತು. ನನಗೂ ಅದು ಪ್ರಿಯವೇ, ಆದರೆ ಅದರಲ್ಲಿ ವಾದವು ಕಥೆಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ. 2013ರ ‘ಹಾಕೈ’ 11ನೆಯ ಸಂಚಿಕೆಯನ್ನು ಮ್ಯಾಟ್ ಫ್ರಾಕ್ಷನ್ ಮತ್ತು ಡೇವಿಡ್ ಆಹಾ ಪೂರ್ತಿಯಾಗಿ ಒಂದು ನಾಯಿಯ ಕಣ್ಣಿನಿಂದ ಹೇಳಿದ್ದಾರೆ: ವಾಸನೆಗಳು ಪುಟ್ಟ ಸಂಕೇತಚಿತ್ರಗಳಾಗಿ ಬರುತ್ತವೆ, ಮನುಷ್ಯರ ಮಾತಿನ ಗುಳ್ಳೆಗಳಲ್ಲಿ ನಾಯಿಗೆ ಅರ್ಥವಾಗುವ ಪದಗಳಷ್ಟೇ ಓದಲು ಸಿಗುತ್ತವೆ, ಉಳಿದದ್ದು ಗೀಚು. ಅತ್ಯುತ್ತಮ ಬಿಡಿ ಸಂಚಿಕೆಗೆ ಕೊಡುವ ಐಸ್ನರ್ ಪ್ರಶಸ್ತಿ ಅದಕ್ಕೆ 2014ರಲ್ಲಿ ಸಂದಿತು. ಆದರೆ ಹಿಂದಿನ ಸಂಚಿಕೆಗಳನ್ನು ಓದದಿದ್ದರೆ ಅದರ ಕೊಲೆಯ ಎಳೆ ನಿಮಗೆ ಪೂರ್ತಿ ದಕ್ಕುವುದಿಲ್ಲ, ಆದ್ದರಿಂದ ಅದನ್ನು ಆಮೇಲೆ ಓದಿ.

ಇನ್ನು ನಿಮ್ಮ ಮಗಳ ವಿಷಯ. ಟಿಮ್ ಹ್ಯಾರಿಸನ್‌ನ ಕಥೆಯನ್ನು ಅವಳಿಗೆ ಒಬ್ಬಳಿಗೇ ಓದಲು ಕೊಡಬೇಡಿ, ಕೊಡುವುದಾದರೆ ಪಕ್ಕದಲ್ಲಿ ಕೂತುಕೊಳ್ಳಿ. ಮೊದಲು 1985ರ ‘ಗ್ರೀನ್ ಲ್ಯಾಂಟರ್ನ್’ 188ನೆಯ ಸಂಚಿಕೆಯ ಹಿಂಬದಿಯಲ್ಲಿರುವ ಆರು ಪುಟಗಳ ಕಥೆಯನ್ನು ಕೊಡಿ. ಇದೂ ಮೂರ್ ಮತ್ತು ಗಿಬನ್ಸ್ ಜೋಡಿಯದೇ. ಬೋಲ್ಫುಂಗ ಎಂಬ ಸೊಕ್ಕಿನ ಕಾದಾಳು, ಮೋಗೋ ಎಂಬ ಹಸಿರು ವೀರನೊಡನೆ ಸೆಣಸಲು ಒಂದು ದಟ್ಟ ಕಾಡಿನ ಗ್ರಹಕ್ಕೆ ಬಂದಿಳಿದು, ಸಿಟ್ಟಿನಿಂದ ಹುಡುಕಿದಷ್ಟೂ ಅವನು ಸಿಗುವುದಿಲ್ಲ. ಉಳಿದ ಹೆಚ್ಚಿನ ಕಥೆಗಳ ಕೊನೆಯನ್ನು ನಿಮಗೆ ಹೇಳಿದ್ದೇನೆ, ಇದರದ್ದನ್ನು ಹೇಳುವುದಿಲ್ಲ. ಕಾಡಿನ ನಕ್ಷೆ ಕಾಣುವ ಪುಟಕ್ಕೆ ಬಂದಾಗ ಅವಳನ್ನು ಸ್ವಲ್ಪ ತಡೆದು, ಮೋಗೋ ಎಲ್ಲಿದ್ದಾನೆಂದು ಕೇಳಿ. ನಿಮಗಿಂತ ಮೊದಲು ಅವಳೇ ಕಂಡುಹಿಡಿದರೆ ನಮಗೆ ಬರೆದು ತಿಳಿಸಿ.

ವಿಶ್ವಾಸದಿಂದ,
ಸಂಪಾದಕ