ಹರಳಾದರೆ ಹಾಲು ಬಿಡಬೇಕಾ ಡಾಕ್ಟ್ರೇ?

ಪ್ರಶ್ನೆ: ಕಲಬುರಗಿ ಜಿಲ್ಲೆಯ ಹಳ್ಳಿ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೇನೆ, ವಯಸ್ಸು 38. ಹಿಂದೊಮ್ಮೆ ಕಿಡ್ನಿಯಲ್ಲಿ ಹರಳಾಗಿ ತಾನಾಗಿಯೇ ಬಿದ್ದುಹೋಗಿತ್ತು. ಈಗ ಸ್ಕ್ಯಾನ್‌ನಲ್ಲಿ ಮತ್ತೆ 4 ಮಿ.ಮೀ. ಹರಳು ಕಂಡಿದೆ. ಹಾಲು-ಮೊಸರು ಬಿಡು ಅಂತಾರೆ ಅತ್ತೆ, ಬಾಳೆದಿಂಡಿನ ರಸ ಕುಡಿ ಅಂತಾರೆ ಪಕ್ಕದ ಮನೆಯವರು, ಬಿಯರ್ ಕುಡಿದರೆ ಹೋಗುತ್ತೆ ಅಂತಾನೆ ಮೈದುನ! ಶಾಲೆಯಲ್ಲಿ ಶೌಚಾಲಯ ಸರಿ ಇಲ್ಲ, ಹಾಗಾಗಿ ಹಗಲು ನೀರು ಕುಡಿಯೋದೇ ಕಡಿಮೆ. ಏನು ಮಾಡಲಿ?

ಉತ್ತರ: ಟೀಚರೇ, ಕೊನೆಗೆ ಬರೆದಿದ್ದೀರಲ್ಲ, ಅದೇ ಮುಖ್ಯ ವಿಷಯ. ನಿಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಬೆವರಿನಲ್ಲೇ ನೀರೆಲ್ಲ ಹೋಗುತ್ತದೆ, ಅದರ ಮೇಲೆ ನೀವು ಬೇಕಂತಲೇ ಕುಡಿಯುತ್ತಿಲ್ಲ. ಮೂತ್ರ ಗಟ್ಟಿಯಾದಾಗ ಅದರಲ್ಲಿರುವ ಕ್ಯಾಲ್ಸಿಯಂ, ಆಕ್ಸಲೇಟ್ (ಕೆಲವು ಸೊಪ್ಪು-ತರಕಾರಿಗಳಲ್ಲಿರುವ ಒಂದು ವಸ್ತು) ಸೇರಿ ಹರಳುಗಟ್ಟುತ್ತವೆ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗಬೇಕು. ಎಷ್ಟು ಕುಡಿದಿರಿ ಅನ್ನೋದಕ್ಕಿಂತ ಎಷ್ಟು ಹೋಯಿತು ಅನ್ನೋದೇ ಲೆಕ್ಕ. ಒಂದು ಭಾನುವಾರ ಹಳೇ ಬಾಟಲಿಯಲ್ಲಿ ಅಳೆದು ನೋಡಿ, ನಾಚಿಕೆ ಏನಿಲ್ಲ. ನಿಮ್ಮ ಬಿಸಿಲಿಗೆ ಮೂರೂವರೆ, ನಾಲ್ಕು ಲೀಟರ್ ಕುಡಿಯಬೇಕಾಗಬಹುದು. ಹೃದಯದ ತೊಂದರೆ, ಕಿಡ್ನಿ ವೈಫಲ್ಯ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಇಷ್ಟು ಕುಡಿಯಬಾರದು. ಶೌಚಾಲಯದ ವಿಷಯವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಗಟ್ಟಿಯಾಗಿ ಕೇಳಿ. ನೀವೊಬ್ಬರೇ ಅಲ್ಲ, ಹೆಣ್ಣುಮಕ್ಕಳೂ ಸುಮ್ನೆ ಬಾಯಾರಿಕೊಂಡೇ ಕೂತಿರುತ್ತಾರೆ.

ಹಾಲು-ಮೊಸರು ಬಿಡಬೇಡಿ. ಅತ್ತೆಯವರ ಲೆಕ್ಕ ಮೇಲ್ನೋಟಕ್ಕೆ ಸರಿ ಅನಿಸುತ್ತದೆ, ಆದರೆ ಹೊಟ್ಟೆಯೊಳಗೆ ನಡೆಯೋದು ಉಲ್ಟಾ. ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದ ಜೊತೆ ಹೊರಗೆ ಹಾಕುತ್ತದೆ. ಹಾಲು ಬಿಟ್ಟರೆ ಆ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತದೆ. ಕಡಿಮೆ ಮಾಡಬೇಕಾದ್ದು ಉಪ್ಪು. ಉಪ್ಪು ಜಾಸ್ತಿಯಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ. ರೊಟ್ಟಿ ಜೊತೆ ಉಪ್ಪಿನಕಾಯಿ, ಹಪ್ಪಳ, ಉಪ್ಪು ಮೆಣಸಿನಕಾಯಿ ಎಲ್ಲದರ ಉಪ್ಪೂ ಸೇರಿ ದಿನಕ್ಕೆ ಒಂದು ಟೀ ಚಮಚ ದಾಟದಿರಲಿ. ಪಾಲಕ್, ಬೀಟ್‌ರೂಟ್, ಬಾದಾಮಿಯಲ್ಲಿ ಆಕ್ಸಲೇಟ್ ಜಾಸ್ತಿ. ಅಪರೂಪಕ್ಕೆ ತಿಂದರೆ ಜೊತೆಗೆ ಮೊಸರಿರಲಿ. ನಿಂಬೆರಸದ ನೀರು ಒಳ್ಳೆಯದು, ಅದರ ಸಿಟ್ರೇಟ್ ಹರಳುಗಟ್ಟುವುದನ್ನು ತಡೆಯುತ್ತದೆ. ಉಪ್ಪು ಹಾಕಬೇಡಿ ಅಷ್ಟೇ.

ಬಾಳೆದಿಂಡಿನ ಪಲ್ಯ ಖುಷಿಯಾಗಿ ತಿನ್ನಿ. ಆದರೆ ಅದು ಹರಳು ಕರಗಿಸುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. 5 ಮಿ.ಮೀ.ಗಿಂತ ಚಿಕ್ಕ ಹರಳು ಕೆಳಗಿಳಿದರೆ ಹೆಚ್ಚಿನವು ತಾವಾಗಿಯೇ ಬೀಳುತ್ತವೆ, ಹೆಸರು ಬರೋದು ಮಾತ್ರ ಬಾಳೆದಿಂಡಿಗೆ! ಔಷಧಿಗೆ ಚೆನ್ನಾಗಿ ಕರಗುವುದು ಯೂರಿಕ್ ಆಸಿಡ್ ಅನ್ನುವ ಬೇರೆ ಬಗೆಯ ಹರಳು. ಬಿಯರ್ ಬೇಡವೇ ಬೇಡ. ಮೂತ್ರನಾಳ ಕಟ್ಟಿಕೊಂಡಿರುವಾಗ ಹೊಟ್ಟೆ ತುಂಬ ಏನು ಕುಡಿದರೂ ನೋವು ಜಾಸ್ತಿಯಾಗಬಹುದು.

ಈ ಸಲ ಹರಳು ಬಿದ್ದರೆ ಎಸೆಯಬೇಡಿ. ಟೀ ಸೋಸುವ ಜಾಲರಿಯಲ್ಲಿ (ಹಳೆಯದರಲ್ಲಿ!) ಹಿಡಿದು ಲ್ಯಾಬ್‌ಗೆ ಕೊಡಿ, ಯಾವ ಬಗೆಯದು ಅಂತ ಗೊತ್ತಾದರೆ ಚಿಕಿತ್ಸೆ ಸುಲಭ. ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ನಿಂತರೆ ರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಹೋಗಿ. ಹರಳಿನ ಹಿಂದೆ ಸೋಂಕು ಕಟ್ಟಿಕೊಂಡರೆ ಜೀವಕ್ಕೇ ಅಪಾಯ. ಇನ್ನೊಂದು ಮಾತು, ನೋವು ನಿಂತಿತು ಅಂದರೆ ಹರಳು ಹೋಯಿತು ಅಂತಲ್ಲ. ಸದ್ದಿಲ್ಲದೆ ನಾಳದಲ್ಲೇ ಕೂತು ಕಿಡ್ನಿ ಕೆಡಿಸುವುದೂ ಉಂಟು, ಮತ್ತೊಂದು ಸ್ಕ್ಯಾನ್ ಮಾಡಿಸಿಯೇ ನಿರಾಳವಾಗಿ.

ಪ್ರಶ್ನೆ: ನಮ್ಮದು ಕೋಲಾರದ ಕಡೆ, ಬೋರ್‌ವೆಲ್ ನೀರು. ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಕಿಡ್ನಿಯಲ್ಲೂ ಹಾಗೇ ಕಟ್ಟುತ್ತಾ?

ಉತ್ತರ: ಹಾಗಲ್ಲ. ಗಡಸು ನೀರಿನಿಂದಲೇ ಹರಳಾಗುತ್ತದೆ ಅನ್ನುವುದಕ್ಕೆ ಸರಿಯಾದ ಆಧಾರ ಸಿಕ್ಕಿಲ್ಲ. ಆ ಭಯಕ್ಕೆ ನೀರು ಕಡಿಮೆ ಕುಡಿದರೆ ಮಾತ್ರ ಖಂಡಿತ ತೊಂದರೆ. ನಿಮ್ಮ ಕಡೆ ಫ್ಲೋರೈಡ್ ಸಮಸ್ಯೆ ಇದೆ, ಅದು ಹಲ್ಲು, ಮೂಳೆ ಕೆಡಿಸುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ಅದಕ್ಕಾಗಿಯಾದರೂ ನೀರು ಪರೀಕ್ಷೆ ಮಾಡಿಸಿ.