ವಾರ್ಸಾದ ಸಿಗಿಸ್ಮಂಡ್ ಸ್ತಂಭ: ಮೂಲದ್ದೆಷ್ಟು?

ಪೋಲೆಂಡಿನ ರಾಜಧಾನಿ ವಾರ್ಸಾದ ಕೋಟೆ ಚೌಕದಲ್ಲಿರುವ ಸಿಗಿಸ್ಮಂಡ್ ಸ್ತಂಭ ಮೂಲದ್ದೋ, ಎರಡನೆಯ ಮಹಾಯುದ್ಧದ ನಂತರದ ಪ್ರತಿಕೃತಿಯೋ ಎಂದು ಕೇಳಿದ್ದೀರಿ. ಮೇಲಿನ ಕಂಚಿನ ವಿಗ್ರಹ ಮೂಲದ್ದೇ. ಅದನ್ನು ಹೊತ್ತಿರುವ ಕಲ್ಲಿನ ಕಂಬ ಮಾತ್ರ ಹೊಸದು.

ಪೋಲೆಂಡಿನ ರಾಜ ನಾಲ್ಕನೆಯ ವ್ಲಾದಿಸ್ಲಾವ್ ತನ್ನ ತಂದೆ ಮೂರನೆಯ ಸಿಗಿಸ್ಮಂಡನ ನೆನಪಿಗಾಗಿ 1644ರಲ್ಲಿ ನಿಲ್ಲಿಸಿದ ಈ ಸ್ಮಾರಕಕ್ಕೆ ವಿಗ್ರಹವನ್ನು ರೂಪಿಸಿದವನು ಇಟಲಿಯ ಶಿಲ್ಪಿ ಕ್ಲೆಮೆಂತೆ ಮೊಲ್ಲಿ. ಒಂದು ಕೈಯಲ್ಲಿ ಎತ್ತರದ ಶಿಲುಬೆಯನ್ನೂ ಇನ್ನೊಂದರಲ್ಲಿ ಕತ್ತಿಯನ್ನೂ ಹಿಡಿದು ನಿಂತಿರುವ ರಾಜನ ಭಂಗಿಯಲ್ಲಿ ಧರ್ಮ ಮತ್ತು ಅಧಿಕಾರಗಳೆರಡೂ ಸ್ಪಷ್ಟವಾಗಿ ಕಾಣುತ್ತವೆ. ಆ ಕಾಲದಲ್ಲಿ ಇಂಥ ಸ್ತಂಭಗಳ ಮೇಲಿನ ಸ್ಥಾನ ಸಾಮಾನ್ಯವಾಗಿ ದೈವೀ ವ್ಯಕ್ತಿಗಳಿಗೆ ಮೀಸಲಾಗಿದ್ದುದರಿಂದ, ಅಲ್ಲಿ ಒಬ್ಬ ರಾಜನನ್ನು ನಿಲ್ಲಿಸಿದ್ದೇ ದಿಟ್ಟ ನಿರ್ಧಾರವೆಂದು ನನಗನಿಸುತ್ತದೆ.

ಮೊದಲ ಕಂಬ ಶಿಥಿಲವಾದಾಗ 1880ರ ದಶಕದಲ್ಲಿ ಗ್ರಾನೈಟಿನ ಕಂಬ ಬಂತು. 1944ರ ಸೆಪ್ಟೆಂಬರಿನಲ್ಲಿ, ಜರ್ಮನ್ ಆಕ್ರಮಣದ ವಿರುದ್ಧ ನಗರದಲ್ಲಿ ನಡೆದ ವಾರ್ಸಾ ದಂಗೆಯ ನಡುವೆ, ಜರ್ಮನ್ ಸೇನೆ ಅದನ್ನು ಉರುಳಿಸಿತು. ಕೆಳಗೆ ಬಿದ್ದು ಜಖಂಗೊಂಡರೂ ಉಳಿದುಕೊಂಡ ವಿಗ್ರಹವನ್ನು ದುರಸ್ತಿ ಮಾಡಿ, 1949ರಲ್ಲಿ ಹೊಸ ಗ್ರಾನೈಟ್ ಕಂಬದ ಮೇಲೆ ಮತ್ತೆ ನಿಲ್ಲಿಸಲಾಯಿತು.

ನೀವು ಅಲ್ಲಿಗೆ ಹೋಗುವುದಾದರೆ ದಯವಿಟ್ಟು ಮೇಲಿನ ವಿಗ್ರಹವನ್ನಷ್ಟೇ ನೋಡಿ ಹಿಂದಿರುಗಬೇಡಿ. ಚೌಕದ ಬದಿಯಲ್ಲಿರುವ ಅರಮನೆಯ ಗೋಡೆಯ ಪಕ್ಕದಲ್ಲಿ ಹಳೆಯ ಎರಡೂ ಕಂಬಗಳ ತುಂಡುಗಳನ್ನು ಮಲಗಿಸಿಟ್ಟಿದ್ದಾರೆ, ಅವುಗಳ ಮುರಿದ ಅಂಚುಗಳನ್ನು ಹತ್ತಿರದಿಂದಲೇ ನೋಡಬಹುದು.