ಕಡಿಮೆ ಆಮ್ಲಜನಕ: ಎಷ್ಟು, ಎಷ್ಟು ಹೊತ್ತು, ಯಾವ ನಾಳದಲ್ಲಿ

ಮಾನ್ಯರೇ,

‘ಆಮ್ಲಜನಕದ ಏರಿಳಿತ ಮತ್ತು ಶ್ವಾಸಕೋಶದ ರಕ್ತನಾಳದ ಜೀವಕೋಶಗಳು’ ಎಂಬ ನಿಮ್ಮ ಲೇಖನ ತಲುಪಿದೆ. ಹಾಸನದಲ್ಲಿ ಜೀವರಸಾಯನಶಾಸ್ತ್ರ ಓದುತ್ತಿರುವವರೊಬ್ಬರು ಇಂಥ ವಿಷಯವನ್ನು ಕನ್ನಡದಲ್ಲಿ ಬರೆಯಲು ಮನಸ್ಸು ಮಾಡಿದ್ದು ಸಂತೋಷ. ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪು ಹುಡುಕಿದರೂ ಸಿಗುವುದಿಲ್ಲ. ಮೆಚ್ಚುಗೆಯ ಬಾಬತ್ತನ್ನು ಇಲ್ಲಿಗೆ ಮುಗಿಸುತ್ತೇನೆ, ಏಕೆಂದರೆ ಲೇಖನ ಓದುತ್ತ ಹೋದಂತೆ ನನಗೆ ಬಂದದ್ದು ಸಿಟ್ಟು. ವಿಷಯ ಚೆನ್ನಾಗಿ ಗೊತ್ತಿರುವವರು ಅದನ್ನು ಓದುಗರಿಂದ ಬಚ್ಚಿಟ್ಟಂತೆ ಬರೆದಿದ್ದೀರಿ. ಪುಟಪುಟಕ್ಕೂ ‘ಆಮ್ಲಜನಕ ಕಡಿಮೆಯಾದಾಗ’ ಎಂದು ಬರುತ್ತದೆ; ಎಷ್ಟು ಕಡಿಮೆ, ಎಷ್ಟು ಹೊತ್ತು, ಯಾವ ನಾಳದ ಯಾವ ಕೋಶಕ್ಕೆ ಎಂಬುದು ಎಲ್ಲಿಯೂ ಬರುವುದಿಲ್ಲ. ನಿಮ್ಮ ನಾಲ್ಕು ವಾಕ್ಯಗಳನ್ನು ಮಾತ್ರ ಎತ್ತಿಕೊಂಡು ಇದನ್ನು ತೋರಿಸುತ್ತೇನೆ. ಉಳಿದದ್ದರ ಗೊಡವೆಗೆ ಈಗ ಹೋಗುವುದಿಲ್ಲ.

ಮೊದಲನೆಯದು: ‘ಆಮ್ಲಜನಕ ಕಡಿಮೆಯಾದಾಗ ರಕ್ತನಾಳಗಳು ಸಂಕುಚಿತಗೊಳ್ಳುತ್ತವೆ.’ ಯಾವ ರಕ್ತನಾಳಗಳು? ಕಾಲಿನ ಸ್ನಾಯುವಿನಲ್ಲಿ, ಮೆದುಳಿನಲ್ಲಿ, ಹೃದಯದಲ್ಲಿ ಆಮ್ಲಜನಕ ಕಡಿಮೆಯಾದರೆ ನಾಳಗಳು ಹಿಗ್ಗಿ ಹೆಚ್ಚು ರಕ್ತವನ್ನು ತಂದುಕೊಳ್ಳುತ್ತವೆ. ಶ್ವಾಸಕೋಶದ ಸಣ್ಣ ಅಪಧಮನಿಗಳು ಮಾತ್ರ ಇದಕ್ಕೆ ವಿರುದ್ಧವಾಗಿ ಬಿಗಿದುಕೊಳ್ಳುತ್ತವೆ. ಗಾಳಿ ಸರಿಯಾಗಿ ಹೋಗದ ಭಾಗಕ್ಕೆ ರಕ್ತವನ್ನು ಕಳಿಸಿ ವ್ಯರ್ಥ ಮಾಡದೆ, ಗಾಳಿ ಚೆನ್ನಾಗಿ ಆಡುವ ಭಾಗಕ್ಕೆ ತಿರುಗಿಸುವ ಏರ್ಪಾಡು ಇದು. 1946ರಲ್ಲಿ ಸ್ವೀಡನ್ನಿನ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಬೆಕ್ಕುಗಳಿಗೆ ಸುಮಾರು ಶೇಕಡ 10ರಷ್ಟೇ ಆಮ್ಲಜನಕವಿರುವ ಗಾಳಿಯನ್ನು ಕೊಟ್ಟು, ಶ್ವಾಸಕೋಶದ ಅಪಧಮನಿಯ ಒತ್ತಡ ಏರುವುದನ್ನು ದಾಖಲಿಸಿದರು. ನಿಮ್ಮ ಇಡೀ ವಿಷಯದ ಸ್ವಾರಸ್ಯ ಈ ವೈಪರೀತ್ಯದಲ್ಲೇ ಇರುವಾಗ, ‘ರಕ್ತನಾಳಗಳು’ ಎಂಬ ಒಂದೇ ಬಹುವಚನದಲ್ಲಿ ನೀವು ಅದನ್ನು ಮುಚ್ಚಿಹಾಕಿದ್ದೀರಿ. ಇನ್ನೂ ಒಂದು ಮಾತಿದೆ. ಈ ಅಪಧಮನಿಯಲ್ಲಿ ಹರಿಯುವುದು ದೇಹವನ್ನೆಲ್ಲ ಸುತ್ತಿ ಬಂದ, ಆಮ್ಲಜನಕದಲ್ಲಿ ಸುಮಾರು ಕಾಲು ಪಾಲು ಖರ್ಚಾದ ರಕ್ತ. ಅದರಲ್ಲಿ ಆಮ್ಲಜನಕದ ಒತ್ತಡ ಆರೋಗ್ಯವಂತರಲ್ಲೂ ಪಾದರಸದ 40 ಮಿಲಿಮೀಟರ್ ಆಸುಪಾಸು ಇರುತ್ತದೆ. ಹಾಗಿದ್ದರೂ ನಾಳ ಸದಾ ಬಿಗಿದುಕೊಂಡಿರುವುದಿಲ್ಲ, ಏಕೆಂದರೆ ಅದು ಮುಖ್ಯವಾಗಿ ಸ್ಪಂದಿಸುವುದು ಪಕ್ಕದ ಗಾಳಿಗೂಡಿನಲ್ಲಿರುವ ಆಮ್ಲಜನಕಕ್ಕೆ. ‘ಎಲ್ಲಿ ಕಡಿಮೆ’ ಎಂದು ಹೇಳದೆ ಈ ವಾಕ್ಯ ನಿಲ್ಲುವುದೇ ಇಲ್ಲ.

ಎರಡನೆಯದು: ‘ಉಸಿರುಗಟ್ಟಿದ ಕೋಶಗಳು ಸಾವಿನ ಭಯದಿಂದ ತಮ್ಮ ವಂಶವಾಹಿಗಳನ್ನು ಎಚ್ಚರಿಸುತ್ತವೆ.’ ಭಯದ ಮಾತನ್ನು ಮೊದಲು ನೋಡೋಣ. ಇಲ್ಲಿ ನಡೆಯುವುದು ಏನೆಂದು ನಿಮಗೇ ಗೊತ್ತು. ಹಿಫ್ ಎಂಬ ಪ್ರೋಟೀನನ್ನು ಕೋಶ ಎಲ್ಲ ಕಾಲದಲ್ಲೂ ತಯಾರಿಸುತ್ತಿರುತ್ತದೆ, ಎಲ್ಲ ಕಾಲದಲ್ಲೂ ನಾಶಮಾಡುತ್ತಿರುತ್ತದೆ. ನಾಶಕ್ಕೆ ಗುರುತು ಹಾಕುವ ಕಿಣ್ವಗಳಿಗೆ ಆಮ್ಲಜನಕ ಬೇಕು. ಅದು ಸಾಕಷ್ಟು ಇದ್ದರೆ ಹಿಫ್ ಕೆಲವೇ ನಿಮಿಷ ಉಳಿಯುತ್ತದೆ. ಆಮ್ಲಜನಕ ತಗ್ಗಿದಾಗ ಗುರುತು ಬೀಳುವುದಿಲ್ಲ, ಹಿಫ್ ಉಳಿದು ಕೋಶಕೇಂದ್ರವನ್ನು ಸೇರುತ್ತದೆ, ಹತ್ತಾರು ವಂಶವಾಹಿಗಳ ಕೆಲಸ ಚುರುಕಾಗುತ್ತದೆ. ಕೇಲಿನ್, ರ‍್ಯಾಟ್‌ಕ್ಲಿಫ್ ಮತ್ತು ಸೆಮೆನ್ಝಾ ಅವರಿಗೆ 2019ರ ನೊಬೆಲ್ ಬಂದದ್ದು ಈ ಶೋಧಕ್ಕೆ. ಒಂದು ನಾಶಕಾರ್ಯ ನಿಲ್ಲುವುದೇ ಸಂಕೇತವಾಗುವ ಈ ಸೊಗಸನ್ನು ಓದುಗರಿಗೆ ಕೊಡುವ ಬದಲು ನೀವು ಧಾರಾವಾಹಿಯ ಭಯವನ್ನು ಕೊಟ್ಟಿದ್ದೀರಿ.

ಅದಕ್ಕಿಂತ ದೊಡ್ಡ ದೋಷ ಕಾಲದ್ದು. ನಾಳ ಬಿಗಿಯುವುದೂ ವಂಶವಾಹಿಗಳು ಏಳುವುದೂ ಒಂದೇ ಕ್ಷಣದ ಘಟನೆಗಳೆಂಬಂತೆ ನಿಮ್ಮ ಪರಿಚ್ಛೇದ ಓಡುತ್ತದೆ. ಬಿಗಿತ ಆರಂಭವಾಗುವುದು ಸೆಕೆಂಡುಗಳಲ್ಲಿ: ಗೋಡೆಯ ಸ್ನಾಯುಕೋಶದ ಪೊಟ್ಯಾಸಿಯಂ ದ್ವಾರಗಳು ಮುಚ್ಚಿ, ಕ್ಯಾಲ್ಸಿಯಂ ಒಳನುಗ್ಗಿ, ಕೋಶ ಕುಗ್ಗುತ್ತದೆ. ಹಿಫ್‌ನ ಪರಿಣಾಮ ಗಂಟೆಗಳ ಮಾತು. ಒಳಪದರದ ಎಂಡೋಥೀಲಿಯಲ್ ಕೋಶಗಳಲ್ಲಿ ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಕುಗ್ಗಿ, ಬಿಗಿಯುವ ಎಂಡೋಥೀಲಿನ್ ಹೆಚ್ಚಿ, ಸ್ನಾಯುಕೋಶಗಳು ಸಂಖ್ಯೆಯಲ್ಲಿ ಬೆಳೆದು ಗೋಡೆ ದಪ್ಪವಾಗುವುದಕ್ಕೆ ದಿನಗಳು, ವಾರಗಳು ಬೇಕು. ಸೆಕೆಂಡಿನದು ಗಾಳಿ ಬಂದೊಡನೆ ಸಡಿಲವಾಗುತ್ತದೆ. ವಾರಗಳದ್ದು ಅಷ್ಟು ಸುಲಭವಾಗಿ ಆಗುವುದಿಲ್ಲ. ಗೋಡೆ ದಪ್ಪವಾದ ರೋಗಿಗೆ ಸಿಲಿಂಡರಿನ ಆಮ್ಲಜನಕ ಕೊಟ್ಟರೂ ಒತ್ತಡ ಪೂರ್ತಿ ಇಳಿಯದಿರುವುದು ಏಕೆ ಎಂಬ ಪ್ರಶ್ನೆಗೆ ಉತ್ತರ ಈ ವ್ಯತ್ಯಾಸದಲ್ಲಿದೆ.

ನಾನು ಚಿಕ್ಕಮಗಳೂರಿನ ಒಂದು ಪತ್ರಿಕೆಯಲ್ಲಿ ಕೆಲಸ ಕಲಿಯಲು ಸೇರಿದ ಹೊಸತರಲ್ಲಿ, ಬೇಸಿಗೆಯಲ್ಲಿ ನನಗೆ ವಹಿಸಿದ್ದು ಆಲ್ದೂರು, ಮಲ್ಲಂದೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳಿಗೆ ಫೋನ್ ಮಾಡಿ ಹೂಮಳೆಯ, ಅಂದರೆ ಕಾಫಿಯ ಮೊಗ್ಗು ಅರಳಿಸುವ ಮಳೆಯ, ಲೆಕ್ಕ ಬರೆದುಕೊಳ್ಳುವ ಕೆಲಸ. ‘ಒಳ್ಳೆಯ ಮಳೆಯಾಯಿತು’ ಎಂಬ ಸುದ್ದಿ ನಮ್ಮ ಸಂಪಾದಕರ ಮೇಜನ್ನು ದಾಟುತ್ತಿರಲಿಲ್ಲ. ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರನೆಯ ಒಂದು ಪಾಲು), ಯಾವ ತೋಟ, ಮುಂದಿನ ಮಳೆ ಎಷ್ಟು ದಿನಕ್ಕೆ ಬಂತು ಎಂದು ಅವರು ಕೇಳುತ್ತಿದ್ದರು. ಉತ್ತರವಿಲ್ಲದಿದ್ದರೆ ಹಾಳೆ ಮಾತಿಲ್ಲದೆ ಹಿಂದಕ್ಕೆ ಬರುತ್ತಿತ್ತು. ಮೂವತ್ತು ಸೆಂಟು ಬಿದ್ದು ನಿಂತ ಮಳೆ ರೋಬಸ್ಟಾದ ಮೊಗ್ಗನ್ನು ಅರ್ಧಕ್ಕೆ ಎಬ್ಬಿಸಿ ಕೆಡಿಸುತ್ತದೆ, ಇಂಚು ದಾಟಿದ ಮಳೆ ಅರಳಿಸುತ್ತದೆ, ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ, ಅಂದರೆ ಕಾಯಿ ಕಚ್ಚಲು ಬೇಕಾದ ಎರಡನೆಯ ಮಳೆ, ಬಾರದಿದ್ದರೆ ಅರಳಿದ್ದೂ ಕೈಗೆ ದಕ್ಕುವುದಿಲ್ಲ ಎಂಬುದು ಈ ಸೀಮೆಯ ಓದುಗರಿಗೆಲ್ಲ ಗೊತ್ತಿತ್ತು. ಅವರೆದುರು ಅಳತೆಯಿಲ್ಲದ ವಾಕ್ಯ ಇಡುವುದು ಅವಮಾನ ಎಂದು ಸಂಪಾದಕರು ಭಾವಿಸಿದ್ದರು. ನಿಮ್ಮ ಲೇಖನವನ್ನೂ ಓದುವವರು ಅದೇ ಜನ.

ಮೂರನೆಯ ವಾಕ್ಯ ನನ್ನನ್ನು ಹೆಚ್ಚು ಕೆರಳಿಸಿತು: ‘ಸಾಮಾನ್ಯ ಆಮ್ಲಜನಕದಲ್ಲಿ ಬೆಳೆಸಿದ ಕೋಶಗಳಿಗೆ ಹೋಲಿಸಿದರೆ ಕಡಿಮೆ ಆಮ್ಲಜನಕದ ಕೋಶಗಳಲ್ಲಿ ಬದಲಾವಣೆ ಕಂಡುಬಂದಿದೆ.’ ಪ್ರಯೋಗಾಲಯದ ಇನ್‌ಕ್ಯುಬೇಟರಿನಲ್ಲಿ ‘ಸಾಮಾನ್ಯ’ ಎಂದರೆ ಕೋಣೆಯ ಗಾಳಿಗೆ ಶೇಕಡ 5ರಷ್ಟು ಇಂಗಾಲದ ಡೈಆಕ್ಸೈಡ್ ಸೇರಿಸಿದ್ದು. ಅದರಲ್ಲಿ ಆಮ್ಲಜನಕ ಶೇಕಡ 18–19ರಷ್ಟಿರುತ್ತದೆ. ಅದೇ ಅಪಧಮನಿಯ ಒಳಪದರದ ಕೋಶ ದೇಹದಲ್ಲಿ ಮೀಯುತ್ತಿದ್ದದ್ದು ನಾನು ಮೇಲೆ ಹೇಳಿದ 40 ಮಿಲಿಮೀಟರಿನ ರಕ್ತದಲ್ಲಿ, ಅಂದರೆ ಸರಿಸುಮಾರು ಶೇಕಡ 5ಕ್ಕೆ ಸಮನಾದ ಆಮ್ಲಜನಕದಲ್ಲಿ. ಹಾಗಾದರೆ ಆ ಕೋಶಕ್ಕೆ ಇನ್‌ಕ್ಯುಬೇಟರಿನ ಸಾಮಾನ್ಯವೇ ಅತಿಯಾಯಿತಲ್ಲವೇ? ಅಲ್ಲಿಂದ ಶೇಕಡ 1ಕ್ಕೆ ಇಳಿಸಿದರೆ ನೀವು ಹೋಲಿಸುತ್ತಿರುವುದು ಅತಿಯನ್ನೂ ತೀರ ಕೊರತೆಯನ್ನೂ; ಕೋಶದ ನಿಜವಾದ ನೆಲೆ ನಡುವಿನಲ್ಲೆಲ್ಲೋ ಬಿಟ್ಟುಹೋಗಿದೆ. ತಟ್ಟೆಯಲ್ಲಿ ಪೋಷಕದ್ರವ ಎಷ್ಟು ಆಳವಿದೆ, ಕೋಶಗಳೇ ಎಷ್ಟು ಉಸಿರಾಡುತ್ತಿವೆ ಎಂಬುದರ ಮೇಲೆ ತಳದಲ್ಲಿ ಉಳಿಯುವ ಆಮ್ಲಜನಕ ಮತ್ತೆ ಬದಲಾಗುತ್ತದೆ. ಇದನ್ನೆಲ್ಲ ನಿತ್ಯ ಕಣ್ಣಾರೆ ಕಾಣುವವರು ನೀವು. ಪತ್ರಿಕೆಯ ಮೇಜಿನ ಮುಂದೆ ಕುಳಿತ ನಾನು ಬರೆಯಬೇಕಾಗಿ ಬಂದಿದೆ.

ಇನ್ನು ಶೀರ್ಷಿಕೆಯಲ್ಲಿ ‘ಏರಿಳಿತ’ ಎಂದು ಕರೆದು ಒಳಗೆ ಇಳಿತವನ್ನಷ್ಟೇ ಬಡಿಸಿದ್ದೀರಿ. ಏರಿಕೆ ಎಲ್ಲಿ? ಹುಟ್ಟುವ ಕ್ಷಣಕ್ಕಿಂತ ದೊಡ್ಡ ಏರಿಕೆ ಈ ನಾಳಗಳ ಬಾಳಿನಲ್ಲಿ ಇನ್ನೊಂದಿಲ್ಲ: ಗರ್ಭದಲ್ಲಿ ಹೃದಯ ತಳ್ಳುವ ರಕ್ತದ ಹತ್ತನೆಯ ಒಂದು ಪಾಲನ್ನಷ್ಟೇ ಪಡೆಯುತ್ತಿದ್ದ ಶ್ವಾಸಕೋಶ, ಮೊದಲ ಉಸಿರುಗಳೊಡನೆ ಹೃದಯದ ಬಲಭಾಗದಿಂದ ಬರುವ ರಕ್ತವನ್ನೆಲ್ಲ ತೆಗೆದುಕೊಳ್ಳಲು ತೆರೆದುಕೊಳ್ಳುತ್ತದೆ. ಏರಿಕೆ ಅತಿಯಾದರೂ ಕೇಡು. ಶುದ್ಧ ಆಮ್ಲಜನಕದಲ್ಲಿಟ್ಟ ಇಲಿಗಳು ಸುಮಾರು ಮೂರು ದಿನಗಳಲ್ಲಿ ಸಾಯುತ್ತವೆ, ಮೊದಲು ಕೆಡುವ ಕೋಶಗಳಲ್ಲಿ ಲೋಮನಾಳಗಳ ಒಳಪದರದವೂ ಸೇರಿವೆ. ಅವಧಿಗೆ ಮುನ್ನ ಹುಟ್ಟಿ, ಯಂತ್ರದ ಉಸಿರು ಮತ್ತು ಹೆಚ್ಚು ಆಮ್ಲಜನಕ ಪಡೆದ ಶಿಶುಗಳ ಶ್ವಾಸಕೋಶಕ್ಕಾಗುವ ಹಾನಿಯನ್ನು ನಾರ್ತ್‌ವೇ ಮತ್ತು ಸಂಗಡಿಗರು 1967ರಲ್ಲೇ ವರ್ಣಿಸಿದ್ದಾರೆ. ಏರುತ್ತ ಇಳಿಯುತ್ತ ಇರುವ ಸ್ಥಿತಿ ಮತ್ತೊಂದು ಬಗೆ. ನಿದ್ರೆಯಲ್ಲಿ ಗಂಟೆಗೆ ಮೂವತ್ತಕ್ಕಿಂತ ಹೆಚ್ಚು ಸಲ ಉಸಿರು ಕಟ್ಟುವ ರೋಗಿಯಲ್ಲಿ, ಪ್ರತಿ ಸಲ ಆಮ್ಲಜನಕ ಮರಳಿದಾಗಲೂ ಹಾನಿಕರ ಕ್ರಿಯಾಶೀಲ ಆಮ್ಲಜನಕದ ಕಣಗಳು ಹುಟ್ಟುತ್ತವೆ. ಒಂದೇ ಸಮನೆ ಕಡಿಮೆಯಿರುವ ಬೆಟ್ಟದ ಗಾಳಿಗೆ ಹೊಂದಿಕೊಂಡ ಕೋಶದ ಕಥೆ ಇದಕ್ಕೆ ಹೊಂದುವುದಿಲ್ಲ. ನಿಮ್ಮ ಲೇಖನದ ತಿರುಳು ಇಲ್ಲಿರಬೇಕಾಗಿತ್ತು.

ನಾಲ್ಕನೆಯದು ಸ್ಥಳೀಯ ಬಣ್ಣಕ್ಕಾಗಿ ಸೇರಿಸಿದ್ದಿರಬೇಕು: ‘ಮುಳ್ಳಯ್ಯನಗಿರಿಯಲ್ಲಿ ಆಮ್ಲಜನಕದ ಶೇಕಡಾವಾರು ಇಳಿಯುವುದರಿಂದ ಪ್ರವಾಸಿಗರ ರಕ್ತನಾಳದ ಕೋಶಗಳಿಗೆ ಹಾನಿಯಾಗುತ್ತದೆ.’ ಶೇಕಡಾವಾರು ಅಲ್ಲಿಯೂ 21 ಇದೆ. ಇಳಿಯುವುದು ಗಾಳಿಯ ಒತ್ತಡ. 1,930 ಮೀಟರ್ ಎತ್ತರದಲ್ಲಿ ಅದು ಸಮುದ್ರಮಟ್ಟದ ಐದರಲ್ಲಿ ನಾಲ್ಕು ಪಾಲಿನಷ್ಟು. ನಾಳಗಳು ಅಸಮವಾಗಿ ಬಿಗಿದು, ಬಿಗಿಯದೆ ಉಳಿದ ಕಡೆ ರಕ್ತ ನುಗ್ಗಿ, ಶ್ವಾಸಕೋಶದಲ್ಲಿ ನೀರು ತುಂಬುವ ಕಾಯಿಲೆ ಸಾಮಾನ್ಯವಾಗಿ 2,500 ಮೀಟರಿನ ಮೇಲಿನದು. 1962ರಲ್ಲಿ ತರಾತುರಿಯಲ್ಲಿ ಲಡಾಖಿಗೆ ಹೋದ ನಮ್ಮ ಸೈನಿಕರು ಅದನ್ನು ಅನುಭವಿಸಿದರು. ಮುಳ್ಳಯ್ಯನಗಿರಿಯ ಪ್ರವಾಸಿಗರು ಏದುಸಿರು ಬಿಡುವುದು ಬಹುಮಟ್ಟಿಗೆ ಮೆಟ್ಟಿಲುಗಳಿಂದ.

ಆ ಪರಿಚ್ಛೇದವನ್ನು ತೆಗೆದುಹಾಕಿ. ಅಮೃತಮಹಲ್ ದನದ ತಳಿಗೆ ಹೆಸರಾದ ಅಜ್ಜಂಪುರ ಇರುವ ಚಿಕ್ಕಮಗಳೂರು ಜಿಲ್ಲೆ ಇದು, ದನದ ಉದಾಹರಣೆ ಕೊಟ್ಟರೆ ಓದುಗರು ಕಿವಿ ನಿಮಿರಿಸುತ್ತಾರೆ. ಅಮೆರಿಕದ ಕೊಲರಾಡೊದ ಎತ್ತರದ ಹುಲ್ಲುಗಾವಲುಗಳಿಗೆ ಹೊಡೆದುಕೊಂಡು ಹೋದ ದನಗಳ ಗಂಗೆದೊಗಲು ಮತ್ತು ಎದೆಭಾಗ ಊದಿಕೊಳ್ಳುವ ರೋಗವನ್ನು ನೂರು ವರ್ಷಕ್ಕೂ ಹಿಂದೆಯೇ ಗುರುತಿಸಲಾಗಿದೆ. ಶ್ವಾಸಕೋಶದ ನಾಳಗಳ ಗೋಡೆ ದಪ್ಪವಾಗಿ ಒತ್ತಡ ಏರಿದಾಗ, ಹೃದಯದ ಬಲಭಾಗ ಸೋತು ಅಲ್ಲಿ ನೀರು ನಿಲ್ಲುತ್ತದೆ. ಟಿಬೆಟ್ಟಿನ ಯಾಕ್‌ಗೆ ಹೀಗಾಗುವುದಿಲ್ಲ. ಅದರ ನಾಳಗಳು ಬಿಗಿಯುವ ಸ್ವಭಾವವನ್ನೇ ಬಹುಮಟ್ಟಿಗೆ ಬಿಟ್ಟಿವೆ. ಇದನ್ನು ಬರೆಯಿರಿ. ಬರೆಯುವಾಗ ಆ ಹುಲ್ಲುಗಾವಲು ಎಷ್ಟು ಮೀಟರ್ ಎತ್ತರದಲ್ಲಿತ್ತು, ಊತ ಕಾಣುವ ಮೊದಲು ದನ ಅಲ್ಲಿ ಎಷ್ಟು ವಾರ ಮೇಯ್ದಿತ್ತು, ಯಾಕ್‌ನ ನಾಳದಲ್ಲಿ ಸ್ನಾಯುಪದರ ಎಷ್ಟು ತೆಳುವಾಗಿದೆ ಎಂಬ ಮೂರಕ್ಕೂ ಉತ್ತರ ಹುಡುಕಿಕೊಂಡು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.

ಇಂತು,
ಸಂಪಾದಕ